ಉಪವಾಸದ ಮದುಮಗಳು ಹೊಸ್ತಿಲಲ್ಲಿ ಹೆಸರು ಹೇಳಿದ್ದು

ಚಾದರ ಕಾಲಿನತನಕ ಎಳೆದುಕೋ ಕೂಸೇ. ಮನೆಗೆ ಹೊಳೆ ಹೊಕ್ಕ ಮೇಲೆ ನಮಗೆ ಈ ಶಾಲೆಯೇ ಗತಿ, ನೆಲ ತಣ್ಣಗಿದೆ, ನನ್ನ ಹತ್ತಿರ ಸರಿ. ಅವ್ವ ಬೆಳಗಿನಿಂದ ಕಚೇರಿ ಮುಂದೆ ಸಾಲಿನಲ್ಲಿ ನಿಂತು ಬಂದು ಈಗ ತಾನೇ ಮಲಗಿದ್ದಾಳೆ, ಎಬ್ಬಿಸಬೇಡ. ನಾನು ಕತೆ ಹೇಳ್ತೀನಿ, ನೀನು ಹ್ಞೂಂ ಅಂತಿರು. ಹ್ಞೂಂ ನಿಂತರೆ ನಿದ್ದೆ ಬಂತು ಅಂತ ತಿಳ್ಕೋತೀನಿ.

ಒಂದಾನೊಂದು ಕಾಲದಲ್ಲಿ, ನಮ್ಮ ಹೊಳೆಯಂಥದೇ ಒಂದು ಹೊಳೆಯ ನಡುಗಡ್ಡೆಯಲ್ಲಿ ಒಂದೇ ಒಂದು ಮನೆ ಇತ್ತಂತೆ. ಆ ಮನೆಯಲ್ಲಿ ಒಬ್ಬ ಅಂಬಿಗ, ಅವನ ಹೆಂಡತಿ ತಂಗೆವ್ವ, ಇಬ್ಬರೇ. ಅಂಬಿಗನ ಹೆಸರು ಬರಮಪ್ಪ. ನಾನು ಹೆಸರು ಹೇಳಬಹುದು, ಅವನು ನನ್ನ ಗಂಡ ಅಲ್ಲವಲ್ಲ. ತಂಗೆವ್ವ ಮಾತ್ರ ಹೇಳೋ ಹಾಗಿರಲಿಲ್ಲ. ಆ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನ ಬಾಯಿಬಿಟ್ಟು ಅನ್ನೋಳಲ್ಲ. ಹೇಳಲೇಬೇಕಾಗಿ ಬಂದರೆ ಒಂದು ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅಂತಾರೆ. ಮದುವೆಯಾಗಿ ಗಂಡನ ಮನೆಗೆ ಬಂದ ದಿನ ಹೆಂಗಸರು ಹೊಸ್ತಿಲಿಗೆ ಕೈ ಅಡ್ಡ ಇಟ್ಟು, ಒಡಪು ಹಾಕು, ಆಮೇಲೆ ಒಳಗೆ ಬಾ ಅಂತ ಹಟ ಹಿಡಿಯೋರಂತೆ.

ಬರಮಪ್ಪನ್ನ ಎರಡೂ ದಂಡೆಯ ಜನ ದಿನಾ ನೋಡೋರು. ತಂಗೆವ್ವನ್ನ ನೋಡಿದವರು ಕಡಿಮೆ. ಅವಳು ಮದುವೆಯಾಗಿ ಬಂದು ಒಂದು ಸುಗ್ಗಿ ಕೂಡ ಕಳೆದಿರಲಿಲ್ಲ. ತವರು ಹೊಳೆಯ ಆಚೆ, ದೂರ. ಸಂತೆಗೂ ಅವನೇ ಹೋಗಿ ಬರ್ತಿದ್ದನಂತೆ.

ಆ ಸೀಮೆಯ ದೇಸಾಯಿ ಪ್ರತಿ ಮನೆಗೂ ಒಂದು ತಾಮ್ರದ ಬಿಲ್ಲೆ ಕೊಟ್ಟಿದ್ದ. ಬಿಲ್ಲೆ ಮೇಲೆ ಯಜಮಾನನ ಹೆಸರು, ದೇಸಾಯಿಯ ಮೊಹರು. ಅದು ಇದ್ದವರು ಊರಿನವರು, ಇಲ್ಲದವರು ದಾರಿಹೋಕರು.

ಏನಂದೆ? ಹ್ಞೂಂ, ನಮ್ಮ ಕಾರ್ಡಿನ ಹಾಗೇ. ಅವ್ವನ ಕಾರ್ಡಿನ ಹಾಗೇ.

ತಂಗೆವ್ವ ಆ ಬಿಲ್ಲೆಯನ್ನ ಜೋಳದ ಗಡಿಗೆಯ ತಳದಲ್ಲಿ ಇಟ್ಟಿದ್ದಳಂತೆ. ಕಳ್ಳ ಬಂದರೆ ಗಡಿಗೆಯಲ್ಲಿ ಯಾಕೆ ಕೈ ಹಾಕ್ತಾನೆ ಅಂತ ಅವಳ ಲೆಕ್ಕ. ಹೊಳೆಯೇ ಒಳಗೆ ಬರುತ್ತೆ ಅಂತ ಯಾರು ಎಣಿಸಿದ್ದರು?

ಆಮೇಲೆ ಮಳೆ ಹಿಡೀತು, ಹೊಳೆ ಬಂತು, ದಂಡೆಯ ಹಳ್ಳಿಗಳು ಮುಳುಗಿದವು. ಬರಮಪ್ಪ ದೋಣಿ ತಳ್ಳಿ, ಒಂದು ಸಲ ಹೋಗಿ ಮಕ್ಕಳನ್ನ ದಿಬ್ಬಕ್ಕೆ ತಂದ, ಇನ್ನೊಂದು ಸಲ ಹೋಗಿ ಮುದುಕರನ್ನ ತಂದ, ಮೂರನೇ ಸಲ ಹೋಗಿ ತಂಗೆವ್ವನ್ನ ತಂದನಂತೆ. ಅಷ್ಟರಲ್ಲಿ ಕತ್ತಲಾಗಿತ್ತು, ದೋಣಿಯಿಂದ ಇಳಿದವಳು ಯಾರು ಅಂತ ಯಾರಿಗೂ ಕಾಣಲಿಲ್ಲ. ನೀರಿನ ಕಡೆಯಿಂದ ಯಾರೋ ಕೂಗಿದ ಹಾಗಾಯಿತು. ನೀ ಇಲ್ಲೇ ಇರು, ಬಂದೆ ಅಂತ ಹೇಳಿ ಹೋದ. ಬೆಳಗಾಯಿತು. ದೋಣಿ ತಿರುಗಿ ಬರಲಿಲ್ಲ.

ಅಳಬೇಡ, ಕತೆ ಇನ್ನೂ ಇದೆ.

ಆಮೇಲೆ ದೇಸಾಯಿ ದಿಬ್ಬದ ಮೇಲೆ ಹೊಸ ಮನೆ ಕಟ್ಟಿಸಿದನಂತೆ. ಮನೆ ಕಳೆದುಕೊಂಡವರು ಬಿಲ್ಲೆ ತೋರಿಸಿ ಬಾಗಿಲ ಕೀಲಿ ತಗೊಂಡು ಹೋಗಲಿ ಅಂತ ಡಂಗುರ ಹೊಡೆಸಿದ. ತಂಗೆವ್ವ ಕಾರಕೂನನ ಮುಂದೆ ನಿಂತು, ಯಪ್ಪಾ, ನಾನು ಅಂಬಿಗರ ಮನೆಯಾಕಿ, ನನಗೂ ಒಂದು ಬಾಗಿಲು ಕೊಡ್ರಿ ಅಂದಳು. ಕಾರಕೂನ ಬಿಲ್ಲೆ ಕೇಳಿದ. ಹೊಳೆ ಒಯ್ತು ಅಂದಳು. ಎಲ್ಲರೂ ಹಂಗೇ ಅಂತಾರವ್ವಾ ಅಂದನಂತೆ ಅವನು. ಅವನದೂ ತಪ್ಪು ಅನ್ನೋ ಹಾಗಿಲ್ಲ. ನಿನ್ನೆ ಮೊನ್ನೆ ತಾನೇ ಬೇರೆ ಸೀಮೆಯವರು ಬಂದು, ಮುಳುಗದ ಮನೆ ಮುಳುಗಿತು ಅಂತ ಸುಳ್ಳು ಹೇಳಿ ಮನೆ ಹೊಡೆದುಕೊಂಡಿದ್ದರು, ಇವನು ದೇಸಾಯಿಯಿಂದ ಬೈಸಿಕೊಂಡಿದ್ದ. ಹುಡುಕಿ ತಗೊಂಡು ಬಾ ಹೋಗು ಅಂದ.

ನೀರು ಇಳಿದಿತ್ತು. ಇವಳು ಮೊಣಕಾಲುದ್ದದ ಕೆಸರಲ್ಲಿ ನಡುಗಡ್ಡೆಗೆ ಹೋಗಿ ಹುಡುಕಿದಳಂತೆ. ಮನೆ ಇಲ್ಲ, ಗೋಡೆ ಇಲ್ಲ. ಒಡೆದ ಗಡಿಗೆಯ ಒಂದು ಚೂರು ಸಿಕ್ಕಿತು. ಅದರ ಪಕ್ಕ ಚೆಲ್ಲಿದ ಜೋಳ ಮೊಳಕೆ ಒಡೆದು ಹಸಿರಾಗಿ ನಿಂತಿತ್ತು. ಬಿಲ್ಲೆ ಮಾತ್ರ ಇಲ್ಲ.

ಬರಿಗೈಲಿ ತಿರುಗಿ ಬಂದಳು. ಹಾಗಾದರೆ ಸಾಕ್ಷಿ ಕರಕೊಂಡು ಬಾ ಅಂದ ಕಾರಕೂನ. ದಿಬ್ಬದ ತುಂಬ ಅವಳ ಮದುವೆಗೆ ಬಂದು ಉಂಡ ಹೆಂಗಸರು. ಒಬ್ಬೊಬ್ಬರ ಮುಂದೆ ಹೋಗಿ ಮುಖ ತೋರಿಸಿದಳು. ಅವರು ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರಂತೆ. ಮದುವೆ ದಿನ ಹಣೆಗೆ ಬಾಸಿಂಗ, ಮುಖಕ್ಕೆಲ್ಲ ಅರಿಶಿನ, ಮೇಲೆ ಸೆರಗು. ಇವತ್ತು ಬತ್ತಿದ ಮುಖ, ಕೆಸರು ಮೆತ್ತಿದ ಕೂದಲು. ಬುಟ್ಟಿ ಹೆಣೆಯೋ ಲಗಮವ್ವ ಅಂತ ಒಬ್ಬಳಿದ್ದಳು, ಯಾರ ಮದುವೆ ಆದರೂ ಹೊಸ್ತಿಲಿಗೆ ಕೈ ಅಡ್ಡ ಇಡೋಳು ಅವಳೇ. ಅವಳೂ ನೋಡಿ ನೋಡಿ, ನನ್ನ ಮಗಳ, ನೀನೇ ಇರಬಹುದು, ಅಲ್ಲದೇನೂ ಇರಬಹುದು, ನನ್ನ ಕಣ್ಣಿಗೆ ತಿಳೀವಲ್ದು ಅಂದಳು. ನನ್ನ ಮೊಮ್ಮಕ್ಕಳನ್ನ ದೋಣಿಯಲ್ಲಿ ತಂದು ದಡ ಮುಟ್ಟಿಸಿದವನ ಮನಿ ಅದು. ಅಂಥವನ ಮನೀನ ಅಂದಾಜಿನ ಮೇಲೆ ಯಾರಿಗೆ ಕೊಡಸಲಿ? ಹಾಗಂತ ಹೇಳಿ ತಾನೂ ಅತ್ತಳಂತೆ, ತನ್ನ ಪಾಲಿನ ಅರ್ಧ ರೊಟ್ಟಿ ಮುರಿದು ಇವಳ ಕೈಗಿಟ್ಟಳಂತೆ.

ಕೊನೆಗೆ ದೇಸಾಯಿಯ ವಾಡೆಯ ಅಂಗಳಕ್ಕೇ ಕರೆಸಿದರು. ಇಡೀ ದಿಬ್ಬದ ಜನ ಬಂದು ಕೂತಿತ್ತು. ಕಾರಕೂನ, ಇವತ್ತಿಗೆ ಇದೇ ಕೊನೆ, ನಿನ್ನ ಗಂಡನ ಹೆಸರೇನು ಹೇಳು ಅಂದ. ತಂಗೆವ್ವ ತಲೆ ತಗ್ಗಿಸಿದಳು. ಅವರು ರೀ ಯಪ್ಪಾ, ಅಂಬಿಗರು ಅಂದಳು. ಯಾವ ಅಂಬಿಗ? ಹೊಳೆ ದಾಟಿಸೋ ಕಡವಿನ ಅಂಬಿಗರು. ಅವನಿಗೆ ಅವ್ವ ಅಪ್ಪ ಒಂದು ಹೆಸರು ಇಟ್ಟಿಲ್ಲೇನವ್ವಾ? ಇಟ್ಟಾರ್ರಿ. ಏನಂತ? ಇವಳು ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತಳು. ನೋಡ್ರಿ ಧಣಿ, ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ ಅಂತ ಕಾರಕೂನ ನಕ್ಕನಂತೆ. ಹಿಂದೆ ಕೂತ ಗಂಡಸರೂ ನಕ್ಕರು.

ದೇಸಾಯಿ ಒಳ್ಳೆಯವನು. ಅವ್ವಾ, ಇದೊಂದು ಮನೆ ಇಲ್ಲದಿದ್ದರೆ ಏನಾಯ್ತು, ವಾಡೆಯಲ್ಲಿ ಕೆಲಸ ಮಾಡಿಕೊಂಡು ಇರು, ಉಣ್ಣೋಕೆ ಕಡಿಮೆ ಮಾಡೋದಿಲ್ಲ ಅಂದ. ಆಗ ತಂಗೆವ್ವನಿಗೆ ಅಳು ತಡೆಯೋಕಾಗಲಿಲ್ಲ. ಧಣಿ, ಉಣ್ಣೋದು ಎಲ್ಲಾದರೂ ಉಣ್ತೀನಿ. ಅವರು ನನಗೆ ಇಲ್ಲೇ ಇರು, ಬಂದೆ ಅಂದು ಹೋಗ್ಯಾರ. ಬಂದು ಅಂಬಿಗರ ಮನಿ ಎಲ್ಲಿ ಅಂತ ಕೇಳಿದರೆ ಜನ ತೋರಿಸೋಕೆ ಒಂದು ಬಾಗಿಲು ಬೇಡೇನ್ರಿ? ಅಂದಳಂತೆ.

ಯಾರೂ ನಗಲಿಲ್ಲ.

ಆಗ ಒಳಗಿಂದ ದೇಸಾಯಿಯ ತಾಯಿ ಎದ್ದು ಬಂದಳು. ಏನ ಮಂದಿರೋ ನೀವು, ಹೆಣ್ಣುಮಗಳಿಗೆ ಗಂಡನ ಹೆಸರು ಹಿಂಗ ಕೇಳತಾರೇನೋ ಅಂತ ಮಗನಿಗೂ ಕಾರಕೂನನಿಗೂ ಸೇರಿಸಿ ಬೈದಳು. ಆಮೇಲೆ ವಾಡೆಯ ಹೊಸ್ತಿಲ ಮೇಲೆ ನಿಂತು, ಬಾಗಿಲಿಗೆ ಕೈ ಅಡ್ಡ ಇಟ್ಟು, ಬಾ ತಂಗಿ, ಒಡಪು ಹಾಕು, ಒಳಗೆ ಬಾ ಅಂದಳಂತೆ. ತಂಗೆವ್ವ ಕಣ್ಣೊರೆಸಿಕೊಂಡು ಹೊಸ್ತಿಲ ಮುಂದೆ ನಿಂತಳು, ಮದುವೆ ದಿನ ನಿಂತ ಹಾಗೆ.

ಬಿಸಿ ರೊಟ್ಟಿ, ಬೆಣ್ಣಿ, ಮ್ಯಾಲೆ ಅಗಸಿ ಚಟ್ನಿಪುಡಿ,
ಮುಂಜಾನಿಂದ ಉಪವಾಸ ಅದೀನಿ, ಬಾಗಿಲ ಬಿಟ್ಟು ಬಿಡಿ...

ಅಷ್ಟಕ್ಕೇ ಅಂಗಳ ಗೊಳ್ಳೆಂದಿತು. ಅಯ್ಯ, ಇವಳು ಆ ಉಪವಾಸದ ಮದುಮಗಳು ಕಣೇ! ಹೂವು, ಚಂದ್ರ ಅಂತ ಒಡಪು ಹಾಕೋ ಹೊತ್ತಿಗೆ ರೊಟ್ಟಿ ಕೇಳಿದಾಕಿ! ಹೊಳೆಯ ಈಚೆಗಿನ ಊರುಗಳಲ್ಲೆಲ್ಲ ಆ ಎರಡು ಸಾಲು ಹೇಳಿ ನಗದ ಹೆಂಗಸೇ ಇರಲಿಲ್ಲವಂತೆ.

ಕಾರಕೂನ ಕೈ ಎತ್ತಿದ. ಎಲ್ಲರಿಗೂ ಗೊತ್ತಿದ್ದದ್ದು ಇವಳೂ ಎಲ್ಲೋ ಕೇಳಿ ಕಲಿತಿರಬಹುದಲ್ಲ ಅಂದ. ಮಾತು ಸರಿಯೇ ಇತ್ತು.

ತಡೀರಿ! ಅಂತ ಲಗಮವ್ವ ಎದ್ದಳು. ಮೂರನೇ ಸಾಲು ಈಗಲೇ ಹೇಳಬೇಡ ಮಗಳ. ಮದುವೆ ದಿನ ಎರಡನೇ ಸಾಲಿಗೇ ಮಂದಿ ನಕ್ಕು ನಕ್ಕು ಬಿದ್ದರು, ಮೂರನೇದು ಯಾರಿಗೂ ಕೇಳಿಸಲಿಲ್ಲ. ಬಾಗಿಲಿಗೆ ಕೈ ಅಡ್ಡ ಇಟ್ಟವಳು ನಾನು, ಹೇಳಿದವಳ ಬಾಯಿ ನನ್ನ ಕಿವಿ ಹತ್ತಿರ ಇತ್ತು, ನಾನೊಬ್ಬಳೇ ಕೇಳೀನಿ. ಹೀಗಂತ ಹೇಳಿ ಅವಳು ಹೋಗಿ ದೇಸಾಯಿಯ ತಾಯಿಯ ಕಿವಿಯಲ್ಲಿ ಏನೋ ಉಸುರಿದಳು. ಆಮೇಲೆ, ಹ್ಞಾಂ, ಈಗ ಹೇಳು ಅಂದಳಂತೆ.

ತಂಗೆವ್ವ ಸೆರಗನ್ನ ಮುಖದ ಮೇಲೆ ಎಳೆದುಕೊಂಡು, ಮೆಲ್ಲಗೆ ಹೇಳಿದಳು.

ಬರಮಪ್ಪನ ಕೈ ಹಿಡಿದು ಬಂದೀನಿ, ಮೊದಲು ಊಟಕ್ಕ ನೀಡಿ.

ದೇಸಾಯಿಯ ತಾಯಿ ಅಡ್ಡ ಇಟ್ಟ ಕೈ ತೆಗೆದಳು. ಇದೇ ಮಾತು ಲಗಮವ್ವ ನನ್ನ ಕಿವಿಯಾಗ ಹೇಳಿದ್ದು ಅಂದಳು. ಕಾರಕೂನ ತಾನೇ ಎದ್ದು ಬಂದು ಕೀಲಿ ಕೊಟ್ಟು, ತಪ್ಪು ತಿಳೀಬ್ಯಾಡ ತಾಯಿ ಅಂದನಂತೆ. ತಂಗೆವ್ವ ಕೀಲಿಯನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ಆವತ್ತು ಸಂಜೆ ಲಗಮವ್ವ ಬಿಸಿ ರೊಟ್ಟಿ, ಬೆಣ್ಣೆ, ಅಗಸಿ ಚಟ್ನಿಪುಡಿ ತಂದು ಹೊಸ ಮನೆಯಲ್ಲಿ ಇವಳನ್ನ ಕೂಡಿಸಿ ಉಣಿಸಿದಳಂತೆ.

ಬರಮಪ್ಪನಾ? ಬಂದ. ಬರದೇ ಎಲ್ಲಿ ಹೋಗ್ತಾನೆ.

ಹೊಳೆ ಅವನನ್ನ ದೂರ ಒಯ್ದು, ಕಾಲು ಮುರಿದು, ಯಾರೋ ಬೆಸ್ತರ ದಂಡೆಗೆ ಹಾಕಿತ್ತಂತೆ. ಕಾಲು ಕೂಡಿದ ಮೇಲೆ ಕೋಲೂರಿಕೊಂಡು ಊರೂರು ಕೇಳುತ್ತ ಬಂದ. ಎದೆತನಕ ಗಡ್ಡ. ದಿಬ್ಬದ ಕಾವಲುಗಾರನಿಗೆ ಗುರುತು ಸಿಗಲಿಲ್ಲ. ಬಿಲ್ಲೆ ಎಲ್ಲಿ ಅಂದ. ಇವನು, ಹೊಳೆ ಒಯ್ತು, ಅಂಬಿಗರ ಮನಿ ಯಾವುದು ಹೇಳಪ್ಪಾ ಅಂದ. ಓ, ಅಂಬಿಗರ ಮನಿಯಾ, ಅಲ್ಲಿ ಅಂತ ಕಾವಲುಗಾರ ಕೈ ಮಾಡಿ ತೋರಿಸಿದನಂತೆ.

ತಂಗೆವ್ವನಿಗೆ ಬಾಗಿಲಾಚೆ ಅವನ ಕೆಮ್ಮು ಕೇಳಿದ ಕೂಡಲೇ ಗೊತ್ತಾಯಿತು. ಓಡಿ ಬಂದಳು. ಆದರೆ ಲಗಮವ್ವ ಬಿಡಬೇಕಲ್ಲ, ಅವಳಿಗಿಂತ ಮೊದಲು ಬಂದು ಹೊಸ್ತಿಲಿಗೆ ಕೈ ಅಡ್ಡ ಇಟ್ಟಳು. ಹಂಗೆಲ್ಲ ಒಳಗೆ ಬಿಡಂಗಿಲ್ಲಪ್ಪ, ಹೆಂಡತಿ ಹೆಸರು ಹೇಳು ಅಂದಳು. ಬರಮಪ್ಪ ಕೋಲಿನ ಮೇಲೆ ಭಾರ ಬಿಟ್ಟು ನಿಂತು, ಗಡ್ಡದೊಳಗೇ ನಕ್ಕು ಹೇಳಿದನಂತೆ:

ಹೊಳಿ ಒಯ್ತು ದೋಣಿ, ಹೊಳಿ ಒಯ್ತು ಹುಟ್ಟು,
ತಂಗೆವ್ವನ ಬಾಗಿಲಿಗೆ ಬಂದೀನಿ, ಉಪವಾಸ ಅದೀನಿ ಹೊಟ್ಟು.

ಹೊಟ್ಟು ಅಂತ ಯಾಕಂದ ಅಂತೀಯಾ? ಪ್ರಾಸಕ್ಕೆ ಬೇರೇನೂ ಸಿಗಲಿಲ್ಲ ಅವನಿಗೆ. ಎಲ್ಲರೂ ನಕ್ಕರು, ಲಗಮವ್ವ ಕೈ ತೆಗೆದಳು, ತಂಗೆವ್ವ ಒಲೆ ಮೇಲೆ ಹಂಚು ಇಟ್ಟಳು. ಅವರು ಅಲ್ಲಿ ಸುಖವಾಗಿದ್ದರಂತೆ. ಕತೆ ಮುಗೀತು, ಹಂಚು ಆರಿತು.

ಇನ್ನೂ ಕಣ್ಣು ಬಿಟ್ಟೇ ಇದ್ದೀಯಾ? ಅವ್ವನ ಕಾರ್ಡಾ? ಅದನ್ನೂ ಹೊಳೆ ಒಯ್ತು ಕೂಸೇ. ನಾಳೆ ಅವ್ವನ ಜೊತೆ ನಾವಿಬ್ಬರೂ ಹೋಗೋಣ. ಸಾಲಿನಲ್ಲಿ ನಿಲ್ಲೋಣ. ಇವಳು ಯಾರು ಅಂತ ಅವರು ಕೇಳಿದರೆ ನಾನು ಹೇಳ್ತೀನಿ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನೇ ಅಲ್ಲವಾ.

ಹ್ಞೂಂ ಅನ್ನು.

ಹ್ಞೂಂ ನಿಂತಿತು.