ಮಂಜಿನಲ್ಲಿ ಮೇನೆ

“ಗುರುಗಳೇ, ಕೂಡಿ ದುಡಿಯುವವರ ಎದೆ ಗಟ್ಟಿ ಮಾಡುವುದು ಹೇಗೆ?”

ಕೇಳಿದ ಶಿಷ್ಯ ಮಠದ ಅಚ್ಚುಕೂಟದ ಮೇಲ್ವಿಚಾರಕ. ಅವನ ಕೈಕೆಳಗೆ ಹನ್ನೊಂದು ಮಂದಿ. ಅಚ್ಚುಮೊಳೆ ಜೋಡಿಸುವ ಕೆಲಸ ನಿಲ್ಲುವುದರಲ್ಲಿತ್ತು, ಹೊಸ ಯಂತ್ರ ಬರುವುದರಲ್ಲಿತ್ತು. ಅದು ಯಾವಾಗ ಬರುತ್ತದೆ, ಬಂದ ಮೇಲೆ ಯಾರಿಗೆ ಯಾವ ಕೆಲಸ ಉಳಿಯುತ್ತದೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಇಬ್ಬರು ಆಗಲೇ ಬಿಟ್ಟು ಹೋಗುವ ಮಾತಾಡಿದ್ದರು. ಉಳಿದವರು ಸಣ್ಣ ಮಾತಿಗೂ ಸಿಡುಕುತ್ತಿದ್ದರು. ಶಿಷ್ಯ ಕೂತಲ್ಲಿ ಕೂರಲಾರದೆ ಹೊದ್ದ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

“ನೀನು ಅವರಿಗೆ ಏನು ಹೇಳುತ್ತಿದ್ದೀಯಪ್ಪ?” ಎಂದರು ಗುರುಗಳು.

“ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೇನೆ. ದಿನವೂ ಹೇಳುತ್ತೇನೆ. ಹೇಳಿದಷ್ಟೂ ಅವರ ಕಳವಳ ಹೆಚ್ಚುತ್ತಿದೆ.”

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕ. ಅವನದೊಂದು ಮೇನೆ. ಅದನ್ನು ಹೊರಲು ನಾಲ್ವರು. ಮೇನೆಯ ಮುಂದೆ ಇಬ್ಬರು, ಹಿಂದೆ ಇಬ್ಬರು. ಒಬ್ಬರ ಹಿಂದೊಬ್ಬರು ಒಂದೇ ದಂಡಕ್ಕೆ ಹೆಗಲು ಕೊಟ್ಟು ನಡೆಯುತ್ತಿದ್ದರು. ದಾರಿ ಕಾಣುವುದು ಮೊದಲನೆಯವನಿಗೆ ಮಾತ್ರ. ಎರಡನೆಯವನಿಗೆ ಕಾಣುವುದು ಮೊದಲನೆಯವನ ಬೆನ್ನು. ಹಿಂದಿನ ಇಬ್ಬರಿಗೆ ಮೇನೆಯ ಹಲಗೆ ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಮೊದಲನೆಯವನು ಕಂಡದ್ದನ್ನು ಕೂಗಬೇಕು. ಕಲ್ಲಿದ್ದರೆ ‘ಕಲ್ಲು’, ತಗ್ಗಿದ್ದರೆ ‘ತಗ್ಗು’, ನೆಲ ಸಮನಾಗಿದ್ದರೆ ‘ಸಾಪು’. ಉಳಿದ ಮೂವರು ‘ಹೂಂ’ ಎನ್ನಬೇಕು. ಹೂಂ ಬಂದ ಮೇಲೆ ಮುಂದಿನ ಹೆಜ್ಜೆ. ಅದು ಅವರ ಕಸುಬಿನ ಕಟ್ಟಳೆ.

ಹನ್ನೆರಡು ವರ್ಷ ಅವರು ಹೊಳೆದಂಡೆಯ ಒಂದೇ ದಾರಿಯಲ್ಲಿ ಓಡಾಡಿದ್ದರು. ಒಂದು ಮಳೆಗಾಲದಲ್ಲಿ ಆ ದಾರಿಯನ್ನು ಹೊಳೆ ತಿಂದುಹಾಕಿತು. ಇನ್ನು ಮೇಲೆ ಗುಡ್ಡ ಹತ್ತಿ ಇಳಿಯಬೇಕು ಎಂದ ವರ್ತಕ. ಆ ದಾರಿಯನ್ನು ಅವನೂ ಕಂಡವನಲ್ಲ.

ಗುಡ್ಡದ ದಾರಿಯಲ್ಲಿ ಸಮನಾದ ನೆಲ ಗೇಣಗಲವೂ ಸಿಗಲಿಲ್ಲ. ಕಲ್ಲು, ಬೇರು, ತಗ್ಗು, ಮತ್ತೆ ಕಲ್ಲು. ಕೂಗಿ ಕೂಗಿ ಮೊದಲನೆಯವನ ಗಂಟಲು ಒಣಗಿತು. ಕೊನೆಯಲ್ಲಿ ಹೊರುತ್ತಿದ್ದವನು ಅವನ ಹೆಂಡತಿಯ ತಮ್ಮ. ಬಾಯಿ ಸುಮ್ಮನಿರದ ಆಸಾಮಿ.

“ಭಾವ, ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೆ ಮಾತು ಬರಲ್ವಾ? ನಮ್ಮಕ್ಕ ಹೆಂಗಪ್ಪಾ ಬಾಳುವೆ ಮಾಡ್ತಾಳೆ!”

ಎಲ್ಲರೂ ನಕ್ಕರು. ಮೊದಲನೆಯವನೂ ನಕ್ಕ. ಆದರೆ ಆ ಮಾತು ಅವನಲ್ಲಿ ಉಳಿಯಿತು. ಮೇನೆ ಇಳಿಸಿದಾಗ ಮೂವರ ಕಾಲುಗಳೂ ನಡುಗುತ್ತಿದ್ದುದನ್ನು ಅವನು ಕಂಡಿದ್ದ. ಮೇನೆಯ ಭಾರವೇ ಸಾಕಾಗಿದೆ, ಅದರ ಮೇಲೆ ನನ್ನ ಕೂಗಿನ ಭಾರ ಬೇರೆ ಯಾಕೆ ಎಂದುಕೊಂಡ.

ಮರುದಿನದಿಂದ ಸಣ್ಣ ಕಲ್ಲುಗಳನ್ನು ಕೂಗುವುದು ಬಿಟ್ಟ. ಮರುವಾರ ದಾರಿ ಕಡಿದಾಗಿದ್ದ ಕಡೆಯೂ ‘ಸಾಪು’ ಎಂದ. ಅದು ಸುಳ್ಳು ಎಂದು ಅವನಿಗೆ ಅನ್ನಿಸಲಿಲ್ಲ. ಅಳುವ ಕೂಸಿಗೆ ಹೇಳುವ ಮಾತಿನ ಹಾಗೆ ಅನ್ನಿಸಿತು.

ಒಂದು ದಿನ ‘ಸಾಪು’ ಎಂದ ಕಡೆಯಲ್ಲೇ ಮೂರನೆಯವನ ಕಾಲಿನ ಹೆಬ್ಬೆರಳು ಕಲ್ಲಿಗೆ ತಾಗಿ ಒಡೆಯಿತು. ಅಂದಿನಿಂದ ಅವನು ಕೂಗನ್ನು ನಂಬದೆ ಕಾಲಲ್ಲಿ ನೆಲ ತಡವಿ ನೋಡಿ ಹೆಜ್ಜೆ ಇಡತೊಡಗಿದ. ಅವನು ತಡೆದು ನಿಂತಾಗ ಕೊನೆಯವನು ಅವನ ಹಿಮ್ಮಡಿ ತುಳಿದ. ದಂಡ ಒಬ್ಬನ ಹೆಗಲಿಗೆ ಹೆಚ್ಚು ಒತ್ತಿತು, ಇನ್ನೊಬ್ಬನ ಹೆಗಲಿಂದ ಎದ್ದಿತು. ನೀನು ಹೆಗಲು ತಪ್ಪಿಸುತ್ತೀ ಎಂದು ಒಬ್ಬ, ನೀನು ಬೇಕೆಂದೇ ನಿಲ್ಲುತ್ತೀ ಎಂದು ಇನ್ನೊಬ್ಬ. ಮೊದಲೆಲ್ಲ ನಾಲ್ವರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಈಗ ನಾಲ್ಕು ಬುತ್ತಿಗಳಾದವು. ಉಣ್ಣುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮೊದಲನೆಯವನಿಗೆ ದಿಗಿಲಾಯಿತು. ಇನ್ನೂ ಗಟ್ಟಿಯಾಗಿ ‘ಸಾಪು, ಸಾಪು’ ಎಂದು ಕೂಗಿದ. ಹೂಂ ತಡವಾಗಿ ಬರತೊಡಗಿತು. ಆಮೇಲೆ ಒಬ್ಬನಿಂದ ಮಾತ್ರ ಬಂತು. ಆಮೇಲೆ ಅದೂ ನಿಂತಿತು. ಇಷ್ಟು ಧೈರ್ಯ ಹೇಳಿದರೂ ಇವರಿಗೆ ಏನಾಗಿದೆ ಎಂದು ಅವನು ಒಳಗೊಳಗೇ ಕುದಿದ. ಇದನ್ನು ಬಿಟ್ಟು ಬೇರೆ ಏನು ಕೂಗಬೇಕೆಂದು ಅವನಿಗೆ ಹೊಳೆಯಲಿಲ್ಲ.

ಆ ದಿನಗಳಲ್ಲಿ ವರ್ತಕನ ತಾಯಿ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಎಲುಬು ಕಟ್ಟುವವನು ಇದ್ದುದು ಗುಡ್ಡದಾಚೆಯ ಊರಿನಲ್ಲಿ. ಬೆಳಗ್ಗೆ ಮುದುಕಿಯನ್ನು ಮೇನೆಯಲ್ಲಿ ಮಲಗಿಸಿದರು. ಮೇನೆ ಕೈತಪ್ಪಿದರೆ ಅವ್ವ ಉಳಿಯುವುದಿಲ್ಲ ಎಂದಷ್ಟೇ ಹೇಳಿ ವರ್ತಕ ಒಳಗೆ ಹೋದ.

ಏರು ಮುಗಿಯುವವರೆಗೆ ಮೊದಲನೆಯವನು ಧೈರ್ಯವನ್ನೇ ಕೂಗಿದ. ಮೇನೆ ಹೆಜ್ಜೆಹೆಜ್ಜೆಗೂ ವಾಲಿತು. ಒಳಗಿನಿಂದ ಮುದುಕಿ ನರಳುತ್ತಲೇ ಬಾಯಿ ಮಾಡಿದಳು.

“ಸಾಪು ಸಾಪು ಅಂತ ಯಾಕೋ ಬಾಯಿ ಬಡ್ಕೊಳ್ತೀಯ? ಎಷ್ಟು ಸಾಪು ಅಂತ ನನ್ನ ಎಲುಬಿಗೆ ಗೊತ್ತಾಗ್ತಿದೆ ಕಣೋ!”

ಹಿಂದಿನಿಂದ ಯಾರೂ ನಗಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಮಂಜು ಇಳಿಯಿತು. ಅಲ್ಲಿ ದಾರಿ ಎರಡು ಮೊಳ ಅಗಲ, ಒಂದು ಪಕ್ಕಕ್ಕೆ ಕಮರಿ. ಮೊದಲನೆಯವನಿಗೆ ತನ್ನ ಪಾದವೇ ಕಾಣಲಿಲ್ಲ. ನಿಲ್ಲುವಂತಿಲ್ಲ, ಮೇನೆ ಇಳಿಸಲು ಜಾಗವಿಲ್ಲ. ‘ಸಾಪು’ ಎನ್ನಲು ಬಾಯಿ ತೆರೆದ. ಸ್ವರ ಬರಲಿಲ್ಲ. ಇಷ್ಟು ದಿನ ಇವರು ಬೀಳದೆ ಉಳಿದದ್ದು ನನ್ನ ಮಾತಿನಿಂದಲ್ಲ, ನನ್ನ ಮಾತನ್ನು ಕೇಳದೆ ಇದ್ದುದರಿಂದ ಎಂಬುದು ಆಗ ಅವನಿಗೆ ಹೊಳೆಯಿತು.

“ಭಾವ, ಯಾಕೆ ಸುಮ್ಮನಾದೆ? ಏನು ಕಾಣ್ತಿದೆ?” ಎಂದ ಕೊನೆಯವನು.

“ಏನೂ ಕಾಣ್ತಿಲ್ಲ ಕಣೋ.”

ಅಂಥ ಕೂಗು ಅವರ ಕಸುಬಿನಲ್ಲೇ ಇರಲಿಲ್ಲ. ಹಿಂದೆ ಹೆಗಲುಗಳು ಕಳಚುತ್ತವೆ ಎಂದು ಮೊದಲನೆಯವನು ಕಣ್ಣು ಮುಚ್ಚಿಕೊಂಡ.

“ಹೂಂ,” ಎಂದ ಕೊನೆಯವನು.

“ಹೂಂ,” ಎಂದ ಮೂರನೆಯವನು. ಎರಡನೆಯವನೂ ಹೂಂ ಎಂದ.

“ಕಾಲಿಗೆ ಏನು ಸಿಗುತ್ತೋ ಅದನ್ನೇ ಹೇಳು ಭಾವ. ಅಷ್ಟು ಸಾಕು.”

ಮೊದಲನೆಯವನು ಕಾಲು ಚಾಚಿ ತಡವಿದ. ‘ಕಲ್ಲು’ ಎಂದ. ಹೂಂ ಬಂತು. ‘ಇನ್ನೂ ಕಲ್ಲು’ ಎಂದ. ಹೂಂ ಬಂತು. ಸ್ವಲ್ಪ ದೂರ ಹೋದ ಮೇಲೆ ಮೂರನೆಯವನು, ಎಡಗೆನ್ನೆಗೆ ಗಾಳಿ ತಣ್ಣಗೆ ತಾಗುತ್ತಿದೆ, ಕಮರಿ ಆ ಕಡೆಗಿದೆ ಎಂದ. ಎರಡನೆಯವನು, ನಿನ್ನ ಬೆನ್ನು ಎಡಕ್ಕೆ ವಾಲುತ್ತಿದೆ, ಬಲಕ್ಕೆ ಬಾ ಎಂದ. ದಾರಿಯ ವಿಷಯ ಹಿಂದಿನವರೂ ಹೇಳಬಲ್ಲರು ಎಂದು ಮೊದಲನೆಯವನು ಹನ್ನೆರಡು ವರ್ಷದಲ್ಲಿ ಎಣಿಸಿರಲಿಲ್ಲ. ಅವನು ಬಲಕ್ಕೆ ಸರಿದ. ಒಂದು ಹರಿದಾರಿ ಹಾಗೆಯೇ ನಡೆದರು. ಮುದುಕಿ ದಾರಿಯುದ್ದಕ್ಕೂ ಬೈದಳು, ನಾಲ್ಕು ಸಲ ಕಿರುಚಿದಳು. ಮಧ್ಯಾಹ್ನದ ಹೊತ್ತಿಗೆ ಎಲುಬು ಕಟ್ಟುವವನ ಜಗಲಿಯ ಮೇಲೆ ಮೇನೆ ಇಳಿಯಿತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಬೆರಳು ಇನ್ನೂ ವಸ್ತ್ರದ ಅಂಚನ್ನು ಬಿಟ್ಟಿರಲಿಲ್ಲ.

“ಆದರೂ ಗುರುಗಳೇ, ಮುಂದಿದ್ದವನೇ ಕಾಣುತ್ತಿಲ್ಲ ಎಂದ ಮೇಲೆ ಹಿಂದಿನವರ ಎದೆ ಒಡೆಯಲಿಲ್ಲವೇ?”

“ದಾರಿ ಕಾಣದೆ ನಡೆಯುವುದು ಅವರಿಗೆ ಹೊಸದೇನಪ್ಪ? ಅದು ಹೊಸದಾಗಿದ್ದುದು ಮುಂದಿನವನೊಬ್ಬನಿಗೇ.”