ಕೈಯಲ್ಲಿದ್ದ ಚೆಂಬು

"ಸಾರ್, ಆರು ಶಾಖೆ ಓದಿದೆ. ನಮ್ಮಕ್ಕನ ಮೌನ ಯಾವ ಶಾಖೆಗೆ ಸೇರುತ್ತೆ?"

ಕೇಳಿದವಳು ದಾಕ್ಷಾಯಿಣಿ, ಮನಃಶಾಸ್ತ್ರದ ಪದವಿಯ ಕೊನೆಯ ವರ್ಷದವಳು. ಕೇಳಿದ್ದು ತನ್ನ ಗುರು ಪುಟ್ಟಸ್ವಾಮಯ್ಯ ಮೇಷ್ಟ್ರನ್ನು.

ಅವಳ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟಿದ ಮಗು ಮೂರನೆಯ ದಿನ ತೀರಿಕೊಂಡಿತು. ಅಂದಿನಿಂದ ಎರಡು ತಿಂಗಳು ಅಕ್ಕ ತುಟಿ ಬಿಚ್ಚಿಲ್ಲ. ಅವಳನ್ನು ಮಾತಾಡಿಸಿಯೇ ತೀರುತ್ತೇನೆಂದು ದಾಕ್ಷಾಯಿಣಿ ಹಟ ಹಿಡಿದಿದ್ದಳು. ಪರೀಕ್ಷೆಗೆ ಒಬ್ಬರ ಕೇಸ್ ಸ್ಟಡಿ ಬರೆದುಕೊಡಬೇಕಿತ್ತು. ಅದಕ್ಕೆ ಅಕ್ಕನನ್ನೇ ಆರಿಸಿಕೊಂಡಳು. ಓದಿದಂತೆಯೂ ಆಯಿತು, ಅಕ್ಕ ಗುಣವಾದಂತೆಯೂ ಆಯಿತು ಎಂದುಕೊಂಡಳು. ದಿನಾ ಸಂಜೆ ನೋಟ್‌ಬುಕ್ ಹಿಡಿದು ಎದುರಿಗೆ ಕೂತಳು. ನೆನಪಿನ ಪಾಠದಿಂದ ಒಂದು ಪ್ರಶ್ನೆ, ಭಾವನೆಯ ಪಾಠದಿಂದ ಇನ್ನೊಂದು. ನಲವತ್ತು ಪುಟ ತುಂಬಿತು. ಅದರಲ್ಲಿ ಅಕ್ಕನ ಮಾತು ಒಂದೂ ಇರಲಿಲ್ಲ. ನಿನ್ನೆಯಂತೂ ಇವಳನ್ನು ಕಂಡೊಡನೆ ಅಕ್ಕ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು.

"ನಾನು ಬಿಡೋಳಲ್ಲ ಸಾರ್. ಶಾಖೆ ಯಾವುದು ಅಂತ ಹೇಳಿ, ಮೊದಲಿಂದ ಓದ್ತೀನಿ," ಎಂದು ಪೆನ್ನಿನ ಮುಚ್ಚಳ ತೆಗೆದಳು.

ಮೇಷ್ಟ್ರು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಒಂದೇ ಹಸು. ಅದು ಕರು ಹಾಕಿತು, ಕರು ಉಳಿಯಲಿಲ್ಲ. ಹಸು ಹಾಲು ಬಿಡಲೊಲ್ಲದು. ಕೆಚ್ಚಲು ಊದಿ ಕಲ್ಲಾಯಿತು. ಹೀಗೇ ಬಿಟ್ಟರೆ ಹಸುವೂ ಉಳಿಯುವುದಿಲ್ಲ ಎಂದು ರೈತನಿಗೆ ಗೊತ್ತಿತ್ತು. ಹಿಂಡಿ ಬದಲಿಸು ಎಂದನೊಬ್ಬ. ಹಿಂಗಾಲು ಕಟ್ಟು ಎಂದನೊಬ್ಬ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಎದುರಿಗೆ ನಿಲ್ಲಿಸು ಎಂದನು ಮತ್ತೊಬ್ಬ. ಹೇಳುವವರಿಗೇನು, ಒದೆ ತಿನ್ನುವವನು ಇವನು. ಎಲ್ಲವನ್ನೂ ಮಾಡಿದ. ಹಸು ಹುಲ್ಲಿನ ಕರುವನ್ನು ಒಮ್ಮೆ ಮೂಸಿ ಮುಖ ತಿರುಗಿಸಿಕೊಂಡಿತು.

ಪಕ್ಕದ ಮನೆಯ ಮುದುಕಿ ಕೇಳಿದಳು: "ಕೊಟ್ಟಿಗೆಗೆ ಹೋಗುವಾಗ ಕೈಲೇನಿರ್ತದಪ್ಪ?"

"ಚೆಂಬು. ಹಾಲು ಕರೆಯೋಕೆ ಹೋಗೋನ ಕೈಲಿ ಇನ್ನೇನಿರ್ತದಜ್ಜಿ?"

"ಅದನ್ನ ಒಳಗಿಟ್ಟು ಹೋಗು."

ರೈತ ಬರಿಗೈಯಲ್ಲಿ ಹೋದ. ಅಂದು ಹಸು ಬುಸುಗುಟ್ಟಿತು. ಮಾರನೆಯ ದಿನ ಕುತ್ತಿಗೆ ತುರಿಸಲು ಬಿಟ್ಟಿತು. ಮೂರನೆಯ ದಿನ ಅವನು ಅದರ ಪಕ್ಕಕ್ಕೆ ಒರಗಿ ಕೂತಿದ್ದಾಗ, ಹುಟ್ಟುವಾಗ ಆ ಕರುವನ್ನು ಈ ಕೈಗಳಿಂದಲೇ ಎಳೆದುಕೊಂಡದ್ದು ನೆನಪಾಯಿತು. ಕೆಚ್ಚಲಿನ ಚಿಂತೆಯಲ್ಲಿ ತಾನು ಕರುವಿಗಾಗಿ ಅತ್ತೇ ಇಲ್ಲವಲ್ಲ ಎಂದು ನೆನೆದು ಬಿಕ್ಕಿ ಬಿಕ್ಕಿ ಅತ್ತ. ಹಸು ಅವನ ತಲೆಯನ್ನು ನೆಕ್ಕತೊಡಗಿತು. ನೆಕ್ಕುತ್ತ ನೆಕ್ಕುತ್ತ ಹಾಲು ಬಿಟ್ಟಿತು. ಹಾಲು ತೊಟ್ಟಿಕ್ಕಿ, ಆಮೇಲೆ ಸುರಿದು, ಸಗಣಿಯ ನೆಲದಲ್ಲಿ ಹರಿಯಿತು.

ಚೆಂಬು ಹತ್ತು ಹೆಜ್ಜೆ ದೂರದಲ್ಲಿತ್ತು. ರೈತನ ಕಾಲು ತಾನಾಗಿಯೇ ಎದ್ದಿತು. ಹಲ್ಲು ಕಚ್ಚಿ ಮತ್ತೆ ಕೂತ. ಬಂಡೆ ಒಡೆದು ಹೊಲ ಮಾಡಿದವನು ಅವನು; ಆ ಕೆಲಸಕ್ಕೂ ಇಷ್ಟು ಗಟ್ಟಿ ಮನಸ್ಸು ಬೇಕಾಗಿರಲಿಲ್ಲ. ಹಾಲು ನಿಲ್ಲುವವರೆಗೂ ಅವನು ಹಸುವಿನ ಕೊರಳಿನಿಂದ ಕೈ ತೆಗೆಯಲಿಲ್ಲ.

ಕತೆ ಮುಗಿಯಿತು. ದಾಕ್ಷಾಯಿಣಿ ಅದನ್ನೂ ಬರೆದುಕೊಂಡಿದ್ದಳು.

"ಹಾಗಾದರೆ ನಾನು ಓದಿದ್ದೆಲ್ಲ ದಂಡಾನಾ ಸಾರ್?"

"ಯಾಕಮ್ಮ ದಂಡ? ನಾಳಿದ್ದು ಆ ರೈತನಿಗೂ ಚೆಂಬು ಬೇಕೇ ಬೇಕು." ಮೇಷ್ಟ್ರು ಅವಳ ಬೆರಳುಗಳ ನಡುವೆ ಇದ್ದ ಪೆನ್ನನ್ನು ನೋಡಿದರು. "ಇವತ್ತು ಸಂಜೆ ನಿಮ್ಮಕ್ಕ ಬಾಯಿ ಬಿಟ್ಟು ಒಂದು ಮಾತಾಡಿದಳು ಅಂತಿಟ್ಟುಕೋ, ನಿನ್ನ ಕೈ ಮೊದಲು ಪೆನ್ನಿಗೆ ಹೋಗುತ್ತೋ, ಅವಳ ಕೈಗೆ ಹೋಗುತ್ತೋ?"