ಸೇತುವೆಗೆ ಎರಡು ಆದೇಶ

ಹೊಳೆಯ ಎರಡು ದಡಗಳ ಟಗರುಗಳು ಕಾದಾಡಿ, ನಡುವಿನ ಹಗ್ಗದ ಸೇತುವೆಯನ್ನು ಅರ್ಧಕ್ಕರ್ಧ ಹರಿದುಹಾಕಿದವು. ಜಗಳ ನಿಂತ ಮೇಲೆ ಕಾಡುಗಳ ಒಕ್ಕೂಟ ಕಾವಲಿಗೆ ಬೇಟೆನಾಯಿಯನ್ನೂ ರಿಪೇರಿಗೆ ಗೀಜಗವನ್ನೂ ಕಳಿಸಿತು. ಎರಡಕ್ಕೂ ಬೇರೆ ಬೇರೆ ಆದೇಶ, ಬೇರೆ ಬೇರೆ ಮೇಲಧಿಕಾರಿ.

"ಸೇತುವೆ ಭದ್ರವಾಗುವ ತನಕ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ," ಎಂದಿತು ನಾಯಿ.

"ನಾನು ಕಾಲಿಟ್ಟು ಹೆಣೆದರೆ ತಾನೇ ಅದು ಭದ್ರವಾಗುವುದು?" ಎಂದಿತು ಗೀಜಗ.

"ಅದು ನಿಮ್ಮ ಆದೇಶದ ಮಾತು. ನನ್ನದರಲ್ಲಿ ಹಾಗಿಲ್ಲ."

ಎರಡೂ ಒಕ್ಕೂಟಕ್ಕೆ ಬರೆದವು. ಆದೇಶದ ಒಂದಕ್ಷರ ಬದಲಿಸಬೇಕಾದರೂ ಒಕ್ಕೂಟದ ಇಪ್ಪತ್ತೇಳೂ ಕಾಡುಗಳು ಒಪ್ಪಿ ತಲೆಯಾಡಿಸಬೇಕು. ಇಪ್ಪತ್ತಾರು ತಲೆಯಾಡಿಸಿದವು. ಕರಡಿಗಳ ಕಾಡು ಮಾತ್ರ ಚಳಿಗಾಲದ ನಿದ್ದೆಯಲ್ಲಿತ್ತು.

ಈಚೆ ದಡದ ಕುರಿಯೊಂದು ದಿನಾ ಬಂದು ಕೇಳುತ್ತಿತ್ತು: "ನನ್ನ ಮರಿ ಆಚೆ ಸಿಕ್ಕಿಕೊಂಡಿದೆ. ಇವತ್ತಾದರೂ ಬಿಡ್ತೀರಾ?" ನಾಯಿ ಗೀಜಗದ ಮುಖ ನೋಡುತ್ತಿತ್ತು, ಗೀಜಗ ನಾಯಿಯ ಮುಖ ನೋಡುತ್ತಿತ್ತು.

ಕರಡಿಗಳು ಏಳುವಷ್ಟರಲ್ಲಿ ಆದೇಶಗಳ ಅವಧಿಯೇ ಮುಗಿದಿತ್ತು. ಒಕ್ಕೂಟ ಎರಡನ್ನೂ ಇದ್ದಂತೆಯೇ ಇನ್ನೊಂದು ವರ್ಷ ಮುಂದುವರಿಸಿ, ಇಬ್ಬರ ಸೇವೆಯನ್ನೂ ಹೊಗಳಿ ಪತ್ರ ಕಳಿಸಿತು.

ಪತ್ರ ಓದುವುದನ್ನು ಕುರಿ ನಿಂತು ಕೇಳಿಸಿಕೊಂಡಿತು. ಸೀದಾ ಹೊಳೆಗಿಳಿಯಿತು. ನೀರು ಎದೆಮಟ್ಟಕ್ಕೆ ಬಂತು, ಆಮೇಲೆ ಕುತ್ತಿಗೆಯವರೆಗೆ.

"ಯಾರಾದರೂ ಹಿಡೀರಿ ಅದನ್ನ!" ಎಂದು ಆಚೆ ದಡದಿಂದ ಮುದಿ ಟಗರೊಂದು ಕೂಗಿತು.

"ನೀರು ನಮ್ಮ ಆದೇಶದಲ್ಲಿಲ್ಲ," ಎಂದು ನಾಯಿ, ಗೀಜಗ ಒಟ್ಟಿಗೆ ಹೇಳಿದವು.

ಅವೆರಡೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.